ನೀರು ಕುಡೀತಾ?

ಮಂಕಿ,
೩೧ ಅಕ್ಟೋಬರ್ ೧೯೪೩, ಭಾನುವಾರ

ನನ್ನ ಮುದ್ದು ನೀಲಾ,

ಮೊದಲು ನನ್ನನ್ನು ಹೊಟ್ಟೆ ತುಂಬ ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯಲಿಲ್ಲ. ಮದುವೆಯಾದ ಮೊದಲ ದೀಪಾವಳಿ, ಗಂಡನನ್ನು ಕರೆದುಕೊಂಡು ಧಾರವಾಡಕ್ಕೆ ಬಂದೇ ಬರುತ್ತೇನೆ ಎಂದು ಕುಣಿದವಳು ಬರಲಿಲ್ಲ. ನೀನು ನನ್ನ ಅಮ್ಮನ ಜೊತೆ ಬಸ್ಸಿಗೆ ಹೋಗಿ ಎರಡು ತಾಸು ಕಾದೆಯಂತೆ. ಜ್ವರ ಎಂದು ನಾವು ಕೊಟ್ಟ ತಂತಿ ಮಾರನೆಯ ದಿನ ತಲುಪಿತಂತೆ. ನೀಲಾ, ನನಗೆ ಜ್ವರ ಬಂದಿರಲಿಲ್ಲ. ಅಮ್ಮನಿಗೆ ಸುಳ್ಳು ಹೇಳಿದೆ, ಗಂಡನಿಗೆ ಸುಳ್ಳು ಹೇಳಿದೆ, ಅತ್ತೆಗೆ ಸುಳ್ಳು ಹೇಳಿದೆ. ನಿನಗೊಬ್ಬಳಿಗಾದರೂ ನಿಜ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಕನ್ನಡದಲ್ಲಿ ಬರೆಯುತ್ತಿದ್ದಾಳೆ ಎಂದು ನಗಬೇಡ. ಕಾನ್ವೆಂಟಿನ ಹತ್ತು ವರ್ಷ ನಾವು ಮೇಜಿನ ಕೆಳಗೆ ದಾಟಿಸಿದ ಚೀಟಿಗಳೆಲ್ಲ ಇಂಗ್ಲಿಷಿನವು. ನಿನ್ನೆಯಿಂದ ಮೂರು ಸಲ ಇಂಗ್ಲಿಷಿನಲ್ಲಿ ಶುರು ಮಾಡಿ ಮೂರು ಸಲವೂ ಹರಿದೆ. ಆ ಭಾಷೆಯಲ್ಲಿ ನನಗೆ ಸಮುದ್ರ, ಸೂರ್ಯಾಸ್ತ, ಗಂಡನ ಕಣ್ಣು ಎಲ್ಲವನ್ನೂ ಬರೆಯಲು ಬರುತ್ತದೆ. ಹೆದರಿಕೆಯನ್ನು ಬರೆಯಲು ಬರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ, ಚೌತಿ ಮುಗಿದ ಮೇಲೆ, ರಮಾಕಾಂತ ಎರಡು ದಿನ ರಜೆ ಹಾಕಿದರು. (ಗಂಡನ ಹೆಸರನ್ನು ಧಾರಾಳವಾಗಿ ಬರೆಯುತ್ತೇನೆ. ಅತ್ತೆಗೆ ಓದಲು ಬರುವುದಿಲ್ಲ!) ಅವರು ಹೊನ್ನಾವರದ ಕಚೇರಿಯಲ್ಲಿ ಗುಮಾಸ್ತರು, ವಾರವಿಡೀ ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಸಂಜೆ ಶರಾವತಿ ದಾಟಿ ಮಂಕಿಗೆ ಬರುತ್ತಾರೆ ಎಂದು ಬರೆದಿದ್ದೆನಲ್ಲ. ಐದು ದಿನ ನಾನು ಮತ್ತು ಅತ್ತೆ ಹೊನ್ನಮ್ಮ, ಇಬ್ಬರೇ. ಅತ್ತೆ ಮಾತು ಬಹಳ ಕಡಿಮೆ. ನನ್ನ ಮಾತು ನಿನಗೇ ಗೊತ್ತು. ಗೋಡೆಗೆ ಚೆಂಡು ಎಸೆದ ಹಾಗೆ ದಿನವಿಡೀ ನಾನೇ ಎಸೆದು ನಾನೇ ಹಿಡಿಯುತ್ತಿದ್ದೆ. ಹೀಗಿರುವಾಗ ಈ ಎರಡು ದಿನ! ಧಾರೇಶ್ವರದಲ್ಲಿ ಅತ್ತೆಯ ಹರಕೆ ತೀರಿಸಿ ಕುಮಟೆಗೆ ಹೋದೆವು. ಪೇಟೆಯಲ್ಲಿ ಕೈಗೆ ಹನ್ನೆರಡರಂತೆ ಹಸಿರು ಗಾಜಿನ ಬಳೆ ತೊಡಿಸಿದರು. ಬಳೆಗಾರ್ತಿ, "ಕೈ ಎಂತ ಬೆಣ್ಣೆ ಮಾರಾಯ್ತಿ, ಒಂದೂ ಒಡೆಯೂಲ್ಲ" ಎಂದಳು. ಇವರು ಬೇರೆ ಕಡೆ ನೋಡಿ ನಕ್ಕರು. ನಾನು ಆ ಹೊತ್ತು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ನಿನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಲ್ಲಿಂದ ಬರುವಾಗ ಹಳೆಯ ಹತ್ತಿ ಗೋದಾಮಿನ ಹಿಂದೆ ನಾಯಿಗಳ ಗಲಾಟೆ ಕೇಳಿತು. ಬಾಗಿಲ ಮೇಲೆ "ಪ್ರಾಣಿ ದಯಾ ಮಂಡಳಿ" ಎಂಬ ಹಲಗೆ. ಹೋದ ವರ್ಷ ಜಪಾನಿನವರು ಬಾಂಬು ಹಾಕುತ್ತಾರೆಂದು ಹೆದರಿ ಮುಂಬಯಿಯಿಂದ ಎಷ್ಟೋ ಸಂಸಾರಗಳು ಇಲ್ಲಿಗೆ ಬಂದು ಬಾಡಿಗೆಗೆ ಇದ್ದವಲ್ಲ, ತಿರುಗಿ ಹೋಗುವಾಗ ಸಾಕಿದ ನಾಯಿ ಬೆಕ್ಕುಗಳನ್ನು ಬೀದಿಗೆ ಬಿಟ್ಟು ಹೋದರಂತೆ. ನಿವೃತ್ತ ಶಾಲಾ ಮಾಸ್ತರರಾದ ಮಾಬ್ಲೇಶ್ವರ ಎಂಬವರು ನಾಲ್ಕು ಜನ ಅಂಗಡಿಯವರನ್ನು ಸೇರಿಸಿಕೊಂಡು ಅವನ್ನೆಲ್ಲ ತಂದು ಸಾಕಿ, ಒಳ್ಳೆಯ ಮನೆ ಸಿಕ್ಕರೆ ಕೊಡುತ್ತಾರೆ.

ಮೂಲೆಯಲ್ಲಿ ಬಿಸ್ಕಿಟ್ ಬಣ್ಣದ ಒಂದು ನಾಯಿ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಿಚಿ, ನನ್ನನ್ನೇ ನೋಡುತ್ತ ಕುಳಿತಿತ್ತು. ಅಷ್ಟೇ. ನಾನು ಸೋತೆ. "ಇದು ನನಗೆ ಬೇಕು" ಎಂದೆ.

ಮಾಸ್ತರರು ಕನ್ನಡಕ ಏರಿಸಿ, "ಯಾವೂರು?" ಎಂದರು.

"ಮಂಕಿ."

"ಮದಿ ಆಗಿ ಎಷ್ಟ್ ದಿವ್ಸ ಆತು?"

"ನಾಲ್ಕು ತಿಂಗಳು."

"ಹಂಗಾರೆ ಆಗುದಿಲ್ಲ. ಹೊಸ ಮದಿ ಆದವ್ರಿಗೆ ನಾಯಿ ಕೊಡುದಿಲ್ಲ ನಾವು. ವರ್ಷ ತುಂಬೂದ್ರೊಳಗೆ ತೊಟ್ಲು ಕಟ್ತ್ರಿ, ನಾಯಿ ಮತ್ತೆ ಬೀದಿಗೆ."

ನನ್ನ ಮುಖ ಕೆಂಪಾಯಿತು. ರಮಾಕಾಂತ ಗೋದಾಮಿನ ಮಾಡಿನ ಹೆಂಚು ಎಣಿಸತೊಡಗಿದರು. ನಾನು ಬಿಡಲಿಲ್ಲ. ತೊಟ್ಟಿಲು ಕಟ್ಟಿದರೆ ಅದರ ಕೆಳಗೇ ಇದು ಮಲಗುತ್ತದೆ ಎಂದೆ. ಮಾಸ್ತರರಿಗೆ ನಗೆ ಬಂತು. "ಬಾಯಿ ಜೋರಿದ್ದು. ಇಂಥವ್ರ ಮನೇಲಿ ನಾಯಿಗೆ ಬೊಗಳೂ ಕೆಲ್ಸ ಇಲ್ಲ" ಎಂದರು.

"ಇದು ಕಚ್ಚುತ್ತದಾ?" ಎಂದು ಇವರು ಕೇಳಿದರು.

"ಹಲ್ಲಿದ್ದದ್ದೆಲ್ಲ ಕಚ್ತದೆ, ನೀವೂ ಸೈತ."

ನಾಯಿಯನ್ನು ಸುಮ್ಮನೆ ಕೊಡುವುದಿಲ್ಲ. ಮುಚ್ಚಳಿಕೆ ಬರೆದುಕೊಡಬೇಕು. ಮೂರು ಕಲಮು. ಒಂದು, ಹೊಟ್ಟೆಗೆ ಹಾಕಬೇಕು, ಹೊಡೆಯಬಾರದು. ಎರಡು, ಸಾಕಲಾಗದಿದ್ದರೆ ಮಂಡಳಿಗೇ ತಂದುಕೊಡಬೇಕು. ಮೂರನೆಯದನ್ನು ಮಾಸ್ತರರು ತಾವೇ ಎರಡು ಸಲ ಗಟ್ಟಿಯಾಗಿ ಓದಿದರು: ನಾಯಿ ಯಾರನ್ನಾದರೂ ಕಚ್ಚಿದರೆ ಅದನ್ನು ಕೊಲ್ಲಕೂಡದು, ಬಿಡಲೂ ಕೂಡದು, ಹತ್ತು ದಿನ ಕಟ್ಟಿಹಾಕಿ ಅನ್ನ ನೀರು ಕೊಟ್ಟು ನೋಡಬೇಕು, ಕೂಡಲೇ ಮಂಡಳಿಗೆ ತಿಳಿಸಬೇಕು. "ಹುಚ್ಚು ಇದ್ದ ನಾಯಿ ಹತ್ತು ದಿವ್ಸದೊಳಗೆ ಸಾಯ್ತದೆ, ತಂಗಿ. ಹತ್ತು ದಿವ್ಸ ಅದು ಬದ್ಕಿದ್ರೆ ಕಚ್ಚಿಸ್ಕಂಡವ್ರಿಗೂ ಹೆದ್ರಿಕೆ ಇಲ್ಲ. ಜನ ಎಂತ ಮಾಡ್ತ್ರು? ಸಿಟ್ಟಿಗೆ ದೊಣ್ಣೆಲಿ ಹೊಡ್ದು ಕೊಲ್ತ್ರು. ಆಮೇಲೆ ಯಾರ ಹತ್ರ ಕೇಳೂದು?"

ನಾನು ಇಂಗ್ಲಿಷಿನಲ್ಲಿ ಉದ್ದಕ್ಕೆ, ಬಾಲ ಬಿಡಿಸಿ ಸಹಿ ಮಾಡಿದೆ. ಆ ಮೂರನೆಯ ಕಲಮು ನನ್ನ ಕಿವಿಯೊಳಗೆ ಹೋಗಿಯೇ ಇರಲಿಲ್ಲ. ಬಿಸ್ಕಿಟ್ ಎಂದೇ ಹೆಸರಿಡುವುದೋ ಬೇರೆಯೋ ಎಂದು ಯೋಚಿಸುತ್ತಿದ್ದೆ.

ಶರಾವತಿಯ ದಡದಲ್ಲಿ ಅದು ದೋಣಿ ಹತ್ತಲು ಒಪ್ಪಲಿಲ್ಲ. ನಾಲ್ಕೂ ಕಾಲು ಮರಳಿಗೆ ಊರಿ ನಿಂತಿತು. ದೋಣಿಯ ತಿಮ್ಮ, "ಮುಂಬಯಿ ನಾಯಿ ಅಲ್ದ, ಇಷ್ಟ್ ನೀರು ಕಂಡದ್ದಿಲ್ಲ" ಎಂದು ನಕ್ಕ. ಕೊನೆಗೆ ರಮಾಕಾಂತ ಅದನ್ನು ಹೆಗಲ ಮೇಲೆ ಹೊತ್ತುಕೊಂಡರು. ಅವರ ಬಿಳಿ ಕೋಟಿನ ಮೇಲೆ ಕೆಸರಿನ ನಾಲ್ಕು ಪಾದ! ಆ ಕೋಟನ್ನು ನಾನು ಒಗೆಯಲು ಹಾಕಿಲ್ಲ. ಈ ಮಾತು ನೆನಪಿಟ್ಟುಕೋ ನೀಲಾ: ಅದಕ್ಕೆ ಮೊದಲಿನಿಂದಲೂ ನದಿ ಕಂಡರೆ ಆಗುತ್ತಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಬಹಳ ಹೊತ್ತು ನಾಯಿಯನ್ನು ನೋಡಿದರು. "ತಂದಾತಲ, ಇನ್ನೆಂತ" ಎಂದರು. ಒಳಗೆ ಹೋಗಿ ಒಂದು ದೊಡ್ಡ ಕರಟದಲ್ಲಿ ನೀರು ತಂದು ಅದರ ಮುಂದೆ ಇಟ್ಟು, ಸೆರಗು ಬಿಗಿದು ನಿಂತರು. ಬಿಸ್ಕಿಟ್ ಲಪಲಪ ಕುಡಿಯಿತು. "ಕುಡೀತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು. ಅಂದಿನಿಂದ ಬೆಳಿಗ್ಗೆ ಸಂಜೆ ಅದೇ. ನಾನು ಚಹ ಕುಡಿದೆನೋ ಎಂದು ಕೇಳುವುದಿಲ್ಲ, ಎದ್ದ ಕೂಡಲೇ "ಅದು ನೀರು ಕುಡೀತಾ?" ಎಂದು ಕೇಳುತ್ತಾರೆ. ಮಾತಿಲ್ಲದ ಅತ್ತೆಗೆ ಮಾತಿಲ್ಲದ ಪ್ರಾಣಿಯ ಮೇಲೆ ಎಷ್ಟು ಪ್ರೀತಿ ಎಂದು ನಾನು ಕರಗಿಹೋದೆ.

ದಸರೆಯ ಮಾರನೆಯ ದಿನ ಒಂದು ನರಿ ಬಂತು. ಹಾಡಹಗಲು, ತೆಂಗಿನ ತೋಟ ದಾಟಿ ನೆಟ್ಟಗೆ ಅಂಗಳಕ್ಕೆ. ಬಿಸ್ಕಿಟ್ ಹಾರಿ ಅದರ ಮೇಲೆ ಬಿತ್ತು. ಎರಡೂ ಉರುಳಾಡಿದವು. ನಮ್ಮ ಮನೆ ಕೆಲಸದ ಸುಕ್ರಿ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಅಟ್ಟಿಸಿದಳು. ಬಿಸ್ಕಿಟ್‌ನ ಮಡಿಚಿದ ಕಿವಿ ಹರಿದಿತ್ತು. ನಾನು ಅರಿಸಿನ ಹಚ್ಚಿ, ನನ್ನ ವೀರ, ನನ್ನ ಸಿಪಾಯಿ ಎಂದು ಮುದ್ದು ಮಾಡಿದೆ. ಸುಕ್ರಿ ಮಾತ್ರ, "ಹಗಲಿಗೆ ಮನೆ ಬಾಗ್ಲಿಗೆ ಬಂದ ನರಿ ಒಳ್ಳೇದಲ್ಲ, ಒಡತಿ" ಎಂದಳು. ಅತ್ತೆ ಕರಟಕ್ಕೆ ಹೊಸ ನೀರು ತಂದಿಟ್ಟರು.

ಹೋದ ಭಾನುವಾರ, ಇಪ್ಪತ್ತನಾಲ್ಕನೆಯ ತಾರೀಕು, ಮಧ್ಯಾಹ್ನ ರಮಾಕಾಂತ ಹೊನ್ನಾವರಕ್ಕೆ ಹೊರಟರು. ಮಂಗಳವಾರ ನಾವಿಬ್ಬರೂ ಧಾರವಾಡಕ್ಕೆ ಹೊರಡುವುದೆಂದು ಗೊತ್ತಾಗಿತ್ತು. ನಿನಗೆ ತೋರಿಸಲೆಂದು ನಾನು ಪೆಟ್ಟಿಗೆಯಿಂದ ನಮ್ಮ ಶಾಲೆಯ ಕೆಂಪು ರಿಬ್ಬನ್ ತೆಗೆದು ಅದರ ಕುತ್ತಿಗೆಗೆ ಬಿಲ್ಲು ಕಟ್ಟಿ ನೋಡುತ್ತಿದ್ದೆ. ಹರಿದ ಕಿವಿಗೆ ಕೈ ತಾಗಿತೋ ಏನೋ. ಗುರ್ ಎಂದೂ ಅನ್ನಲಿಲ್ಲ, ನೀಲಾ. ತಿರುಗಿ ಮಣಿಕಟ್ಟಿಗೆ ಬಾಯಿ ಹಾಕಿತು. ಎರಡು ಬಳೆ ಒಡೆದವು. ಎರಡು ಹಲ್ಲು ಇಳಿದು ರಕ್ತ ಬಂತು. ಮರುಕ್ಷಣ ತಾನೇ ಹೆದರಿ ನನ್ನ ಕಾಲ ಮೇಲೆ ತಲೆ ಇಟ್ಟಿತು.

ಬಾವಿಕಟ್ಟೆಗೆ ಓಡಿ ಸಾಬೂನು ಹಾಕಿ ತೊಳೆದೆ. ಅಮ್ಮ ಕೊಟ್ಟ ಔಷಧದ ಡಬ್ಬಿಯಿಂದ ಟಿಂಚರ್ ಅಯೋಡಿನ್ ಸುರಿದೆ. ಉಳಿದ ಹತ್ತು ಬಳೆಗಳನ್ನು ಗಾಯದ ಮೇಲೆ ಸರಿಸಿದೆ. ಯಾರಿಗೂ ಕಾಣಲಿಲ್ಲ. ಆಗ ನೆನಪಾಯಿತು ಮೂರನೆಯ ಕಲಮು. ಆಗ ನೆನಪಾಯಿತು ನರಿ.

ಏಕೆ ಹೇಳಲಿಲ್ಲ ಎಂದು ಕೇಳುತ್ತೀ. ಹಟ ಹಿಡಿದು ತಂದವಳು ನಾನು. ಹೇಳಿದರೆ ನೆರೆಯವರು ದೊಣ್ಣೆ ತರುತ್ತಾರೆ, ಬಿಸ್ಕಿಟ್ ಸತ್ತರೆ ನನಗೆ ಉತ್ತರ ಕೊಡುವವರು ಯಾರು? ಹತ್ತೇ ದಿನ, ಹಲ್ಲು ಕಚ್ಚಿ ನೋಡೋಣ, ಯಾರಿಗೂ ತಿಳಿಯದೆ ಕಳೆದುಹೋಗಲಿ ಎಂದುಕೊಂಡೆ. ಕೋಳಿ ಅಟ್ಟಿಸುತ್ತದೆ ಎಂದು ನೆಪ ಹೇಳಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆ. ಅತ್ತೆ, "ಕಟ್ಟು. ಒಳ್ಳೇದು" ಎಂದರು. ಮಂಡಳಿಗೆ ಬರೆಯಲಿಲ್ಲ. ಮಂಗಳವಾರ ಬಂತು, ಕಚ್ಚಿದ ನಾಯಿಯನ್ನು ಜೊತೆಗೆ ತರುವ ಹಾಗಿಲ್ಲ, ಬಿಟ್ಟು ಧಾರವಾಡಕ್ಕೆ ಹೇಗೆ ಬರಲಿ? ಜ್ವರ ಎಂದು ಹೊದ್ದು ಮಲಗಿದೆ. ಕರೆದೊಯ್ಯಲೆಂದು ಹೊನ್ನಾವರದಿಂದ ಬಂದ ಇವರು ಪಕ್ಕದಲ್ಲಿ ಕೂತು, "ಮಾವನ ಮನೆಯ ಜರಿ ಧೋತರ ಹೋಯಿತಲ್ಲ" ಎಂದು ತಮಾಷೆ ಮಾಡುತ್ತ ಹಣೆಗೆ ಒದ್ದೆ ಬಟ್ಟೆ ಹಾಕಿದರು. ತಣ್ಣಗಿದ್ದ ಹಣೆಗೆ!

ಒಂದು, ಎರಡು, ಮೂರು. ನಾನು ದಿನ ಎಣಿಸಿದ ಹಾಗೆ ಯಾವ ಪರೀಕ್ಷೆಗೂ ಎಣಿಸಿರಲಿಲ್ಲ. ದಿನವೂ ಅನ್ನ ತಿಂದಿತು, ಬಾಲ ಅಲ್ಲಾಡಿಸಿತು, ಅತ್ತೆ ಇಟ್ಟ ನೀರು ಕುಡಿಯಿತು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಹಿಂಡಲೆ ಬಳ್ಳಿ ಕಟ್ಟುತ್ತ ನಾನು ಗುನುಗಿದ್ದೂ ಉಂಟು. ಆರನೆಯ ದಿನ ಮಾತ್ರ ಅರ್ಧ ಅನ್ನ ಬಿಟ್ಟಿತು. ಊರಿನಲ್ಲಿ ಪಟಾಕಿ, ಯಾವ ನಾಯಿ ತಾನೇ ನೆಮ್ಮದಿಯಾಗಿ ಉಣ್ಣುತ್ತದೆ?

ನಿನ್ನೆ ಪಾಡ್ಯ, ಏಳನೆಯ ದಿನ. ಇಲ್ಲಿ ಅಂದು ದನಕರುಗಳಿಗೆ ಮೈತೊಳೆದು, ಚೆಂಡುಹೂವು ಅಡಿಕೆಯ ಮಾಲೆ ಹಾಕಿ, ರೊಟ್ಟಿ ತಿನ್ನಿಸಿ, ಹಗ್ಗ ಬಿಚ್ಚಿ ಬಯಲಿಗೆ ಬಿಡುತ್ತಾರೆ. ಅಂದು ಮನೆಯ ಯಾವ ಪ್ರಾಣಿಯ ಕೊರಳಲ್ಲೂ ಹಗ್ಗ ಉಳಿಯಕೂಡದು. ನಾನು ಒಳಗೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ. ಹುಡುಗರ ಕೂಗು, ಗಂಟೆಯ ಸದ್ದು ಕೇಳುತ್ತಿತ್ತು. ಹೊರಗೆ ಬಂದು ನೋಡಿದರೆ ಕೊಟ್ಟಿಗೆ ಖಾಲಿ. ಕಂಬದ ಬುಡದಲ್ಲಿ ಬಿಸ್ಕಿಟ್‌ನ ಹಗ್ಗ ಸುರುಳಿ ಸುತ್ತಿ ಬಿದ್ದಿತ್ತು. ಅದಕ್ಕೂ ಚೆಂಡುಹೂವಿನ ಮಾಲೆ ಹಾಕಿ ಬಿಟ್ಟಿದ್ದರು.

ನಾನು ಸುಕ್ರಿಯ ಮೇಲೆ ಕೂಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. "ನಿನಗೆ ಬುದ್ಧಿ ಇಲ್ಲವಾ? ದನ ಯಾವುದು ನಾಯಿ ಯಾವುದು ಗೊತ್ತಾಗುವುದಿಲ್ಲವಾ?" ಅವಳು ತಲೆ ತಗ್ಗಿಸಿ ನಿಂತಳು, ಒಮ್ಮೆ ಅತ್ತೆಯ ಕಡೆ ನೋಡಿದಳು. ಅತ್ತೆಯೇ, "ಇವತ್ತು ಯಾರ ಕುತ್ತಿಗೆಗೂ ಹಗ್ಗ ಇರೂಕಾಗ. ಸುಕ್ರಿ ಮೇಲೆ ಕೂಗ್ಬೇಡ" ಎಂದರು.

ಕತ್ತಲಾಗುವ ತನಕ ಹುಡುಕಿದೆ. ಸಮುದ್ರದ ದಂಡೆ, ಗದ್ದೆ, ಬಸ್ಸು ನಿಲ್ಲುವ ಕಟ್ಟೆ. ಇಲ್ಲ. ಇವತ್ತು ಎಂಟನೆಯ ದಿನ. ಅದು ಹುಚ್ಚಾಗಿ ಎಲ್ಲೋ ಬಿದ್ದಿದೆಯೋ, ಯಾರದೋ ಅಂಗಳದಲ್ಲಿ ರೊಟ್ಟಿ ತಿನ್ನುತ್ತಿದೆಯೋ, ನಾನು ಹೇಗೆ ತಿಳಿಯಲಿ?

ನಿನ್ನ ಕಾಲಿಗೆ ಬೀಳುತ್ತೇನೆ, ನಿನ್ನ ಅಪ್ಪನ ಹತ್ತಿರ ಕೇಳು. ದೊಡ್ಡ ಡಾಕ್ಟರು, ಅವರಿಗೆ ತಿಳಿಯದ್ದಿಲ್ಲ. ಏಳು ದಿನ ನೆಟ್ಟಗಿದ್ದ ನಾಯಿ ಕಾಣೆಯಾದರೆ ಏನರ್ಥ? ಅರ್ಧ ಅನ್ನ ಬಿಟ್ಟದ್ದು ಲೆಕ್ಕಕ್ಕೆ ಬರುತ್ತದೆಯೇ? ಯಾರಿಗೆ ಕಚ್ಚಿದ್ದು ಎಂದು ಕೇಳಿದರೆ ಗಂಗಾಳ ಮನೆಯ ಕೆಲಸದವಳಿಗೆ ಎನ್ನು. ಹೀಗೆ ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ. ಆದರೂ ಹಾಗೇ ಹೇಳು. ಇವರು ಇನ್ನು ಒಂದು ತಾಸಿನಲ್ಲಿ ಹೊನ್ನಾವರಕ್ಕೆ ಹೊರಡುತ್ತಾರೆ. ಏನೋ ನೆಪ ಹೇಳಿ ನಾನೂ ಹೊಳೆಯ ತನಕ ಹೋಗುತ್ತೇನೆ, ದಾರಿಯುದ್ದಕ್ಕೂ ನೋಡುತ್ತ. ಅಲ್ಲೇ ಇದನ್ನು ಅಂಚೆಗೆ ಹಾಕುತ್ತೇನೆ.

ನಿನ್ನ ಹುಚ್ಚು ಗೆಳತಿ,
ಗಂಗಾ


ಮಂಕಿ,
೩ ನವೆಂಬರ್ ೧೯೪೩, ಬುಧವಾರ

ನೀಲಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಹೊರಟು ಕುಮಟೆ, ಶಿರಸಿ, ಹುಬ್ಬಳ್ಳಿ ಎಂದು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹೋದಷ್ಟು ದೂರ ಹೋಗಿ ಧಾರವಾಡಕ್ಕೆ ಬರುತ್ತಿದ್ದೇವೆ. ನಾನೇ ನಿನ್ನ ಕೈಯಲ್ಲಿ ಇಡುತ್ತೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅಮ್ಮನ ಎದುರು ನನ್ನ ಕೈ ಹಿಡಿದು ನೋಡಬೇಡ. ಹಬ್ಬ ಮುಗಿದ ಮೇಲೆ ಮೊದಲ ದೀಪಾವಳಿಗೆ ಬಂದ ಮಗಳೆಂದು ಅವಳು ಒಂದು ದಿನವಾದರೂ ಆರತಿ ಎತ್ತಿ ಸಂತೋಷಪಡಲಿ.

ಭಾನುವಾರದ್ದು ಹೇಳುತ್ತೇನೆ. ಹೊಳೆಯ ಈಚೆಯ ಕಾಸರಕೋಡಿನ ದಡದಲ್ಲಿ ತಿಮ್ಮ ದೋಣಿ ಕಟ್ಟುತ್ತಿದ್ದ. ನಾನು ಕೇಳುವ ಮೊದಲೇ, "ನಿಮ್ಮ ಮುಂಬಯಿ ನಾಯಿ ನಿನ್ನೆ ಸಂಜೆ ಇಲ್ಲಿಗೆ ಬಂದಿತ್ತು, ಅಮ್ಮ. ಮದಿಮಗನ ಹಂಗೆ ಹೂಗಿನ ಮಾಲೆ!" ಎಂದು ನಕ್ಕ.

"ದಾಟಿತಾ?"

"ಎಲ್ಲಿಂದ! ನಾ ಕರ್ದೆ. ದಂಡೆಗೆ ನಿಂತ್ಕಂಡು ನೀರ ನೋಡ್ತು, ನಡುಗ್ತು, ಹಿಂದೆ ಸರೀತು. ಮತ್ತೆ ಎತ್ಲಾಗೆ ಹೋಯ್ತೋ ಕಾಣೆ."

ನಾವು ದೋಣಿ ಹತ್ತಿದೆವು. ಮೊದಲ ಸಲವೂ ಅದು ಹೀಗೇ ಸರಿದಿತ್ತಲ್ಲ, ಇದೇ ದೋಣಿ, ಇದೇ ನೀರು, ಅಂದೂ ಹೆದರಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಡು ಹೊಳೆಗೆ ಬರುವಾಗ ತಡೆಯಲಾಗಲಿಲ್ಲ. ಇವರ ಮುಂದೆ ಕೈ ಚಾಚಿ ಬಳೆಗಳನ್ನು ಮೊಣಕೈಗೆ ಏರಿಸಿದೆ. ಇವರು ನೋಡಿದರು. "ಯಾವಾಗ?" ಎಂದು ಕೇಳಿದರು. ಹೇಳಿದೆ. ಹತ್ತು ಜನ ಕೂತ ದೋಣಿಯಲ್ಲಿ, ಅಂಗಡಿ ಸಾಮಾನಿನ ಮೂಟೆಗಳ ನಡುವೆ, ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ದಡ ಬರುವ ತನಕ ಬಿಡಲಿಲ್ಲ. ನಮ್ಮ ಕಡೆ ಗಂಡ ಹೆಂಡತಿ ಬೀದಿಯಲ್ಲಿ ಒಟ್ಟಿಗೆ ನಡೆಯುವುದಿಲ್ಲ, ನೀಲಾ. ತಿಮ್ಮ ಮುಖ ತಿರುಗಿಸಿ ಹುಟ್ಟು ಹಾಕಿದ.

ಮರುದಿನ ಕುಮಟೆಗೆ ಹೋದೆವು. ಬಿಸ್ಕಿಟ್ ಹೇಗೋ ಹೊಳೆ ದಾಟಿ ಹತ್ತಿ ಗೋದಾಮಿಗೇ ಮರಳಿರಬಹುದು, ಮೂಲೆಯಲ್ಲಿ ಒಂದು ಕಿವಿ ನೆಟ್ಟಗೆ ಮಾಡಿ ಕೂತಿರಬಹುದು ಎಂದು ದಾರಿಯೆಲ್ಲ ಕನಸು ಕಂಡೆ. ಇರಲಿಲ್ಲ. ಆ ಮೂಲೆಯಲ್ಲಿ ಒಂದು ಬೆಕ್ಕು ಮರಿಗಳಿಗೆ ಹಾಲೂಡುತ್ತಿತ್ತು. ಮಾಸ್ತರರು ಮುಚ್ಚಳಿಕೆ ತೆಗೆದರು. ಬಾಲ ಬಿಡಿಸಿದ ನನ್ನ ಇಂಗ್ಲಿಷ್ ಸಹಿ ನೋಡಿ ನನಗೆ ಹೊಡೆಯಬೇಕೆನಿಸಿತು, ನನಗೇ.

"ಬಿಟ್ಟದ್ದು ಯಾರು?"

"ಮನೆ ಕೆಲಸದವಳು. ಹಬ್ಬ ಅಂತ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ತಂಗಿ, ಮೂರನೇ ಕಲಮು ನಾ ನಾಯಿಗೋಸ್ಕರ ಬರ್ದದ್ದಲ್ಲ" ಎಂದರು. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಹೊಳೆಯ ಎರಡೂ ದಂಡೆಯಲ್ಲಿ, ಧಾರೇಶ್ವರದ ತನಕ, ಹುಡುಕಲು ಮಂಡಳಿಯವರನ್ನು ಕಳಿಸಿದರು. ನಮ್ಮನ್ನು ತಾವೇ ದವಾಖಾನೆಗೆ ಕರೆದೊಯ್ದರು.

ಡಾಕ್ಟರು ಗಾಯ ನೋಡಿ, "ಗುಣ ಆಗಿದೆ" ಎಂದರು. ನನ್ನ ಮುಖ ಅರಳಿರಬೇಕು. "ಗಾಯ ಗುಣ ಆಗೂದು ಬೇರೆ, ಅಮ್ಮ" ಎಂದರು. ಹದಿನಾಲ್ಕು ಸೂಜಿ, ಹೊಟ್ಟೆಗೆ, ದಿನಕ್ಕೊಂದು. ಕಚ್ಚಿದ ಮರುದಿನವೇ ಶುರು ಮಾಡಿ, ನಾಯಿ ಹತ್ತು ದಿನ ಬದುಕಿದರೆ ನಿಲ್ಲಿಸಬಹುದಿತ್ತಂತೆ. ಇದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಕಾಯುವುದು ಮಾತ್ರ. ಈಗ ಯುದ್ಧದ ಕಾಲ, ಮದ್ದು ಅವರಲ್ಲಿ ಮುಗಿದಿದೆ. ತಂತಿ ಕೊಟ್ಟರು. ಇವತ್ತು ಉತ್ತರ ಬಂತು: ಮುಂದಿನ ವಾರ. ಅದಕ್ಕೇ ರಮಾಕಾಂತ ನಿನ್ನ ಅಪ್ಪನಿಗೆ ತಂತಿ ಕೊಟ್ಟು ನಾಳೆ ಹೊರಡೋಣ ಎಂದರು. ಅವರು ಈ ಮೂರು ದಿನದಲ್ಲಿ ಹತ್ತು ವರ್ಷ ದೊಡ್ಡವರಾಗಿದ್ದಾರೆ. ನಗಿಸಲು ನೋಡಿದೆ. "ಜರಿ ಧೋತರ ಈ ಸಲ ತಪ್ಪುವುದಿಲ್ಲ" ಎಂದೆ. ನಗಲಿಲ್ಲ, ಎದ್ದು ಬಾವಿಕಟ್ಟೆಗೆ ಹೋದರು.

ಮಂಡಳಿಯವರು ಎರಡು ದಿನ ಹುಡುಕಿದರು. ಕಾಸರಕೋಡಿನ ಗಾಳಿಮರದ ಹತ್ತಿರ ಬಾಡಿದ ಮಾಲೆಯೊಂದು ಸಿಕ್ಕಿತಂತೆ. ನಾಯಿ ಸಿಗಲಿಲ್ಲ. ಮಾಲೆ ತಾನಾಗಿ ಹರಿದಿರಬಹುದು, ಅಲ್ಲವಾ? ಓಡುವ ನಾಯಿಯ ಕೊರಳಲ್ಲಿ ಮಾಲೆ ಎಷ್ಟು ದಿನ ಇರುತ್ತದೆ?

ಕಚ್ಚಿ ಇವತ್ತಿಗೆ ಹತ್ತು ದಿನ ತುಂಬಿತು. ಮಾಸ್ತರರ ಲೆಕ್ಕದಲ್ಲಿ ಬಿಸ್ಕಿಟ್ ಇವತ್ತು ಎಲ್ಲಾದರೂ ಬದುಕಿದ್ದರೆ ನಾನೂ ಬದುಕಿದ್ದೇನೆ. ಬೆಳಿಗ್ಗೆಯಿಂದ ಊರಿನಲ್ಲಿ ಯಾವ ನಾಯಿ ಬೊಗಳಿದರೂ ಅಂಗಳಕ್ಕೆ ಓಡುತ್ತಿದ್ದೇನೆ. ನನಗೆ ಹತ್ತೊಂಬತ್ತು ವರ್ಷ, ನೀಲಾ. ನಾನು ಇನ್ನೂ ಈ ಮನೆಯ ಒಂದು ಮಳೆಗಾಲವನ್ನಷ್ಟೇ ನೋಡಿದ್ದೇನೆ. ಇವರ ಜೊತೆ ಒಟ್ಟು ಎಷ್ಟು ಶನಿವಾರ ಕಳೆದೆ ಎಂದು ಬೆರಳಲ್ಲಿ ಎಣಿಸಿದೆ. ಎರಡು ಕೈ ಎರಡು ಸಲ ಸ್ವಲ್ಪ ದಾಟಿತು, ಅಷ್ಟೇ.

ನಿನ್ನ ಅಮ್ಮ ಅಪ್ಪನಿಗೆ ನನ್ನ ನಮಸ್ಕಾರ. ಅವರ ಆಶೀರ್ವಾದವನ್ನು ಈ ಸಲ ನಿಜವಾಗಿ ಬೇಡುತ್ತಿದ್ದೇನೆ. ನಿನಗೆ ಒಳ್ಳೆಯ ಗಂಡ ಸಿಗಲಿ, ದೋಣಿಯಲ್ಲಿ ಎಲ್ಲರೆದುರು ಕೈ ಹಿಡಿಯುವಂಥವನು. ನೀನು ನೂರು ವರ್ಷ ಬಾಳು, ನನ್ನದನ್ನೂ ಸೇರಿಸಿಕೊಂಡು. ಬೇಡ, ಹಾಗೆ ಬರೆಯಬಾರದು. ಇಬ್ಬರೂ ನೂರು ವರ್ಷ.

ನಿನ್ನ,
ಗಂಗಾ

ತಾ.ಕ.: ಮಡಿಚಿ ಇಟ್ಟ ಪತ್ರವನ್ನು ಮತ್ತೆ ಬಿಡಿಸಿದ್ದೇನೆ. ಈಗ ಸಂಜೆ. ಪೆಟ್ಟಿಗೆ ಕಟ್ಟುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. "ಸುಕ್ರಿ ಬಿಟ್ಟದ್ದಲ್ಲ. ನಾ ಬಿಟ್ಟದ್ದು" ಎಂದರು.

ರಮಾಕಾಂತರಿಗೆ ದೇವು ಎಂಬ ಅಣ್ಣನಿದ್ದ, ಇವರಿಗೆ ಎರಡು ವರ್ಷವಾಗಿದ್ದಾಗ ಜ್ವರದಿಂದ ಹೋದ ಎಂದು ನನಗೆ ಹೇಳಿದ್ದರು. ಇವರಿಗೂ ಹಾಗೆಯೇ ಗೊತ್ತು. ಜ್ವರವಲ್ಲ. ನಾಯಿ. ಹತ್ತು ವರ್ಷದ ಹುಡುಗನಿಗೆ ಕೊನೆಯ ಮೂರು ದಿನ ನೀರಿನ ತಂಬಿಗೆ ಕಂಡರೆ ಗಂಟಲು ಬಿಗಿಯುತ್ತಿತ್ತು. ಅತ್ತೆ ಒಬ್ಬರೇ ಅವನ ಹತ್ತಿರ ಕೂತಿದ್ದರಂತೆ.

"ನಿನ್ ಬಳೆ ಅಡಿಗೆ ಗಾಯ ನಾ ಮೊದ್ಲ ದಿವ್ಸವೇ ಕಂಡೆ, ತಂಗಿ. ದಿನಾ ನೀರು ಇಟ್ಟು ನೋಡ್ತಿದ್ದೆ. ಆರ್ ದಿವ್ಸ ಕುಡೀತು. ಪಾಡ್ಯದ ಬೆಳಿಗ್ಗೆ ಇಟ್ಟೆ. ಬಾಯಿ ಹಾಕ್ತು, ನುಂಗೂಕೆ ಆಗ್ಲಿಲ್ಲ. ನೀ ಒಳಗೆ ಹಾಡ್ಕಂಡು ರೊಟ್ಟಿ ಮಾಡ್ತಿದ್ದೆ. ಅದು ನಿನ್ ಕಣ್ಣೆದ್ರಿಗೆ ಸಾಯೂದು ಬೇಡ ಅಂತ ಮಾಲೆ ಹಾಕಿ ಬಿಟ್ಟೆ."

ನಾನು ಕೇಳಿದೆ, ನಿಮಗೆ ಮೊದಲ ದಿನವೇ ಗೊತ್ತಿದ್ದರೆ ಏಕೆ ಹೇಳಲಿಲ್ಲ, ಆಗಲೇ ಡಾಕ್ಟರ ಹತ್ತಿರ ಹೋಗುತ್ತಿದ್ದೆನಲ್ಲ ಎಂದು. ಅವರು ನನ್ನ ಬಳೆಗಳನ್ನು ಒಂದೊಂದಾಗಿ ಸರಿಪಡಿಸಿದರು. "ನೀ ಹೇಳ್ತೆ ಅಂತ ಕಾಯ್ತಿದ್ದೆ. ಇಷ್ಟ್ ಮಾತಾಡೂ ಹುಡ್ಗಿ, ಇದನ್ನೂ ಹೇಳ್ತದೆ ಅಂತ" ಎಂದರು.

ಅವರ ಮೇಲೆ ಸಿಟ್ಟು ಬರುವುದಿಲ್ಲ. ಅದೇ ನನಗೆ ತಡೆಯಲಾಗದ್ದು. ಸುಕ್ರಿ ನಾಳೆ ಬೆಳಗಾಗುವ ಮೊದಲು ಕೆಲಸಕ್ಕೆ ಬರುತ್ತಾಳೆ, ಅವಳ ಕೈ ಹಿಡಿದು ತಪ್ಪಾಯಿತೆಂದು ಕೇಳಿಕೊಂಡೇ ಹೊರಡುತ್ತೇನೆ. ನಿನ್ನ ಅಪ್ಪನಿಗೆ ಹೇಳು: ಏಳನೆಯ ದಿನ ಅದು ನೀರು ಕುಡಿಯಲಿಲ್ಲ. ಕೆಲಸದವಳಿಗೆ ಕಚ್ಚಿದ್ದಲ್ಲ. ಸೂಜಿ ತಯಾರಿರಲಿ.

ಅತ್ತೆ ಎದ್ದು ಹೋದವರು ಈಗ ಮತ್ತೆ ಬಂದಿದ್ದಾರೆ. ನನ್ನ ಮುಂದೆ ಒಂದು ತಂಬಿಗೆ ನೀರು ಇಟ್ಟು, ಸೆರಗು ಬಿಗಿದು ಬಾಗಿಲಲ್ಲಿ ನಿಂತಿದ್ದಾರೆ.

ಕುಡಿದೆ, ನೀಲಾ. ಪೂರ್ತಿ ಕುಡಿದೆ. "ಕುಡೀತು" ಎಂದು ಹೇಳಿಕೊಂಡು ಒಳಗೆ ಹೋದರು.